ವಲ್ಲಿಯ ಕೆಳಗಿನ ದರ

ಕುರುಗೋಡಿನ ಸಾವಂತ್ರಮ್ಮ ಸಮುದ್ರ ನೋಡಿದವಳಲ್ಲ. ಆದರೂ ತಾನು ಒಂದು ಹಡಗನ್ನು ನಿಲ್ಲಿಸಿದ್ದೇನೆ ಎಂದು ಐದಾರು ವರ್ಷ ಓಣಿಯ ತುಂಬ ಹೇಳಿಕೊಂಡು ತಿರುಗಿದಳು. ನಗುವವರು ನಕ್ಕರು. ನಗಲಿ ಬಿಡಿ, ಆಕೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಆಗಿದ್ದಿಷ್ಟು. ಎಪ್ಪತ್ತೆರಡು ಎಪ್ಪತ್ತಮೂರರ ಸುಮಾರಿಗೆ ಕೃಷಿ ಇಲಾಖೆಯ ವೆಂಕಟೇಶ ಸೈಕಲ್ ತುಳಿದುಕೊಂಡು ಬಂದು, ಗುಡಿ ಕಟ್ಟೆಯ ಮೇಲೆ ರೈತರನ್ನು ಕೂರಿಸಿದ. ನಯವಾದ ಬಟ್ಟೆಗೆ ಉದ್ದ ಎಳೆಯ ಹತ್ತಿ ಬೇಕು, ಅದು ಈಜಿಪ್ಟ್ ಸುಡಾನಿನಿಂದ ಹಡಗಿನಲ್ಲಿ ಬರಬೇಕು, ಅದಕ್ಕೆ ದೇಶ ಡಾಲರು ಸುರಿಯಬೇಕು ಎಂದು ಬಿಡಿಸಿ ಹೇಳಿದ. "ಈಗ ನಮ್ಮಲ್ಲೇ ವರಲಕ್ಷ್ಮಿ ಅಂತ ಹೈಬ್ರಿಡ್ ಹತ್ತಿ ಬಂದದ. ನೀವು ಅದನ್ನ ಬೆಳೆದ್ರ ಆ ಹಡಗು ನಿಲ್ತದ ನೋಡ್ರಿ."

ಗಂಡಸರು ಬೀಡಿ ಹಚ್ಚಿಕೊಂಡು ಆಲೋಚನೆಗೆ ಬಿದ್ದರು. ಹೊಸ ಬೀಜ, ದುಬಾರಿ ಗೊಬ್ಬರ, ಹುಳ ಬೇರೆ. ಆಗ ಕಂಬದ ಹಿಂದೆ ಕೂತಿದ್ದ ಸಾವಂತ್ರಮ್ಮ ಎದ್ದಳು. ಗಂಡ ತೀರಿ ಎರಡು ವರ್ಷವಾಗಿತ್ತು, ಕಾಲುವೆ ಕೆಳಗೆ ಎಂಟು ಎಕರೆ ಇತ್ತು.

"ಹಡಗು ನಾ ನಿಲ್ಲಸ್ತೀನಿ. ಬೀಜ ಎಲ್ಲಿ ಸಿಗತೈತಿ ಹೇಳ್ರಿ," ಅಂದಳು.

ಬೀಜವನ್ನು ಕೊಂಡು ಸುಮ್ಮನಾಗುವ ಹೆಂಗಸಲ್ಲ ಅವಳು. ಅದು ಹುಟ್ಟುವುದು ಹೇಗೆಂದು ನೋಡಬೇಕೆಂದು ಸಿರುಗುಪ್ಪದ ಕಡೆಯ ಬೀಜದ ಹೊಲಕ್ಕೆ ಒಂದು ಹಂಗಾಮು ಕೂಲಿಗೆ ಹೋದಳು. ಎಂಟೆಕರೆ ಒಡತಿ ಕೂಲಿಗೆ ಹೋದಳೆಂದು ಬೀಗರು ಮುಖ ತಿರುಗಿಸಿದರು. ಇವಳು ಕ್ಯಾರೇ ಅನ್ನಲಿಲ್ಲ. ಸಂಜೆ ಹೊತ್ತು, ನಾಳೆ ಅರಳಲಿರುವ ಮೊಗ್ಗಿನ ಸಿಪ್ಪೆಯನ್ನು ಹೆಬ್ಬೆರಳ ಉಗುರಿನಿಂದ ಸುತ್ತ ಸೀಳಿ, ಒಳಗಿನ ಗಂಡು ಭಾಗವನ್ನು ತೆಗೆದು, ಗುರುತಿಗೆ ಕೆಂಪು ಕಾಗದ ಸುತ್ತಬೇಕು. ಮರುದಿನ ಬೆಳಿಗ್ಗೆ ಬೇರೆ ಜಾತಿಯ ಹೂವನ್ನು ತಂದು ಅದಕ್ಕೆ ಒರೆಸಬೇಕು. ಉಗುರು ಕೂದಲೆಳೆಯಷ್ಟು ಒಳಕ್ಕೆ ಹೋದರೂ ಕಾಯಿ ಉದುರುತ್ತದೆ. ಸಾವಂತ್ರಮ್ಮ ಆ ಒಂದು ಉಗುರನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡಳು, ಕೊನೆಯವರೆಗೂ.

"ದಿನಕ್ಕ ಇನ್ನೂರು ಲಗ್ನ ಮಾಡಸೀನಿ, ಒಂದಕ್ಕೂ ವರದಕ್ಷಿಣಿ ಕೇಳಿಲ್ಲ," ಎಂದು ಬೀಗರಿಗೇ ಹೇಳಿ ಬಂದಳು.

ಬೆಳೆ ಬಂತು, ದರವೂ ಬಂತು. ಕ್ವಿಂಟಲಿಗೆ ಏಳುನೂರು ಕಂಡ ವರ್ಷವೂ ಉಂಟು. ಮನೆಗೆ ಕರೆಂಟು ಬಂತು, ಮೈದುನ ಗಾದಿಲಿಂಗಪ್ಪನ ಮದುವೆಯಾಯಿತು. ನೆಲ, ನೀರು, ಗೊಬ್ಬರ, ಆಳು ಎಲ್ಲವನ್ನೂ ಸಾವಂತ್ರಮ್ಮನೇ ನೋಡುತ್ತಿದ್ದಳು. ಒಂದು ಕೆಲಸ ಮಾತ್ರ ಅವಳಿಂದ ಆಗುತ್ತಿರಲಿಲ್ಲ. ತಾನು ಬೆಳೆದ ಹತ್ತಿಯನ್ನು ತಾನು ಮಾರಲಾಗುತ್ತಿರಲಿಲ್ಲ.

ಬಳ್ಳಾರಿಯಲ್ಲಿ ಅವಳು ಹತ್ತಿ ತಂದು ಹಾಕುತ್ತಿದ್ದ ರಾಘಣ್ಣನ ದಲಾಲಿ ಅಂಗಡಿಯಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಖರೀದಿದಾರ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹಾಸುತ್ತಿದ್ದ. ರೈತ ಅದರ ಕೆಳಗೆ ತನ್ನ ಕೈ ಇಡುತ್ತಿದ್ದ. ಮರೆಯಲ್ಲಿ ಬೆರಳು ಹಿಡಿದರೆ ನೂರು, ಗೆಣ್ಣು ಒತ್ತಿದರೆ ಹತ್ತು. ಮೇಲೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿರುತ್ತಾರೆ, ಕೆಳಗೆ ವರ್ಷದ ದುಡಿಮೆ ತೀರ್ಮಾನವಾಗುತ್ತಿರುತ್ತದೆ. ಬಹಿರಂಗ ಹರಾಜಿನ ಕಾಯ್ದೆ ಬಂದಿತ್ತು. ಕಾಯ್ದೆಯೂ ಇತ್ತು, ವಲ್ಲಿಯೂ ಇತ್ತು. ಪರಗಂಡಸಿನ ವಲ್ಲಿಯ ಕೆಳಗೆ ಹೆಂಗಸು ಕೈ ಇಡುವುದುಂಟೆ? ಹಾಗಾಗಿ ಗಾದಿಲಿಂಗಪ್ಪ ಕೈ ಇಡುತ್ತಿದ್ದ. ಸಾವಂತ್ರಮ್ಮ ದೂರದಲ್ಲಿ, ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಕೂತಿರುತ್ತಿದ್ದಳು. ಯಾರ ಮಾತನ್ನೂ ಸುಮ್ಮನೆ ಒಪ್ಪದ ಹೆಂಗಸು ಇದನ್ನು ಹೇಗೆ ಒಪ್ಪಿದಳೋ ನನಗಂತೂ ಅರ್ಥವಾಗಿಲ್ಲ. ವಲ್ಲಿ ಇರುವುದು ಮರ್ಯಾದೆಗೆ ಎಂದುಕೊಂಡಿದ್ದಳಂತೆ.

ಎಪ್ಪತ್ತೆಂಟರ ಸಂಕ್ರಾಂತಿ ಮುಗಿದ ವಾರ ಹದಿನೆಂಟು ಅಂಡಿಗೆ ಹೇರಿಕೊಂಡು ಬಳ್ಳಾರಿಗೆ ಹೋದರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಪರವಾಗಿ ಖರೀದಿ ಮಾಡುವ ಎರ್ರಿಸ್ವಾಮಿ ಒಂದು ಹಿಡಿ ಹತ್ತಿ ಕಿತ್ತು, ಎಳೆ ಜಗ್ಗಿ ನೋಡಿ, ತಲೆ ಆಡಿಸಿ, ವಲ್ಲಿ ಹಾಸಿದ. ಗಾದಿಲಿಂಗಪ್ಪ ಕೈ ಇಟ್ಟ. ತೆಗೆದಾಗ ಅವನ ಮುಖ ಸಣ್ಣದಾಗಿತ್ತು.

"ಎಷ್ಟಂದಾ?"

"ಇರಲಿ ಬಿಡು ಅತ್ತಿಗಿ. ಈ ವರ್ಷ ಎಲ್ಲಾರ್ದೂ ಹಂಗ ಐತಂತ."

"ಎಷ್ಟಂದಾ ಅಂತ ಕೇಳಿದೆ."

"ಮುನ್ನೂರ ಎಂಬತ್ತು," ಅಂದ ಅವನು ನೆಲ ನೋಡುತ್ತ. "ಸರ್ಕಾರದವ್ರು ಹೊರದೇಶದ ಹತ್ತಿ ತರಿಸ್ಯಾರಂತ. ಮುಂಬೈಗೆ ಹಡಗು ಬಂದೈತಂತ."

ಸಾವಂತ್ರಮ್ಮನಿಗೆ ದರ ಬಿದ್ದದ್ದಕ್ಕಿಂತ ಹಡಗು ಬಂದದ್ದಕ್ಕೆ ಹೆಚ್ಚು ಉರಿಯಿತು. ಬರಬೇಡ ಎಂದು ನಿಲ್ಲಿಸಲು ಹೇಳಿದವರೂ ಅವರೇ, ಬಾ ಎಂದು ಕರೆಸಿಕೊಂಡವರೂ ಅವರೇ. ನಡುವೆ ಅವಳಿಗೊಂದು ಮಾತು ಹೇಳಿದವರಿಲ್ಲ.

ಅವಳು ಅಂಡಿಗೆಯ ಮೇಲಿಂದ ಇಳಿಯದೆ ಅಂಗಡಿಯ ಅಂಗಳ ನೋಡುತ್ತ ಕೂತಳು. ಎರ್ರಿಸ್ವಾಮಿ ಕೊಳಗಲ್ಲಿನ ರೈತ ಮಾರೆಣ್ಣನ ಕೈ ಹಿಡಿದ, ಆಮೇಲೆ ಮೋಕದ ದುರುಗಣ್ಣನ ಕೈ. ಮಾರೆಣ್ಣ ಜೋಲುಮುಖ ಹಾಕಿಕೊಂಡು ಬಂದ, ದುರುಗಣ್ಣ ಮೀಸೆ ತಿರುವುತ್ತ ಬಂದ. ಮೂವರದೂ ಒಂದೇ ಬೀಜ, ಒಂದೇ ಕಾಲುವೆ. ದುರುಗಣ್ಣ ಊರಿಗೆ ದೊಡ್ಡವನು, ಮಾರೆಣ್ಣ ನಡುವಿನವನು. ಗಾದಿಲಿಂಗಪ್ಪನೋ, ದೇವರಂಥ ಮನುಷ್ಯ, ಎತ್ತು ಈಯಿತು ಅಂದರೆ ಕರು ಕಟ್ಟಲು ಹಗ್ಗ ತರುವವನು. ವಲ್ಲಿ ಯಾರ ಮರ್ಯಾದೆಗೆ ಇದೆ ಎಂಬುದು ಅವಳಿಗೆ ಆಗ ತಿಳಿಯಿತು.

ಕೆಳಗಿಳಿದು, ಸೆರಗು ಬಿಗಿದು, ಎರ್ರಿಸ್ವಾಮಿಯ ಮುಂದೆ ಬಂದು ಬರಿಗೈ ಚಾಚಿದಳು. ಉದ್ದ ಉಗುರಿನ ಕೈ.

"ಹಿಡೀರಿ ನನ್ನ ಕೈ. ವಲ್ಲಿ ಬ್ಯಾಡ. ಬೆಳದಾಕಿ ನಾನು, ರೇಟು ನನಗ ಹೇಳ್ರಿ."

ಎರ್ರಿಸ್ವಾಮಿ ಎರಡು ಹೆಜ್ಜೆ ಹಿಂದೆ ಸರಿದ. "ಯವ್ವಾ, ಹೆಣ್ಮಕ್ಕಳ ಕೈ ಹಿಡಿಯೋದೇನ್ರಿ ನಡು ಪೇಟ್ಯಾಗ. ಮೈದುನಗ ಹೇಳೀನಲ್ಲ."

"ಕೈ ಹಿಡಿಯಾಕ ಆಗದಿದ್ರ ಬಾಯಿಲೆ ಹೇಳ್ರಿ. ಬಾಯಿ ಐತಲ್ಲ?"

ಯಾರೋ ಕಿಸಕ್ಕನೆ ನಕ್ಕರು. ಆ ನಗುವಿಗೆ ಎರ್ರಿಸ್ವಾಮಿ ಕೆರಳಿದ. "ಮುನ್ನೂರ ಎಂಬತ್ತು. ಹೊರದೇಶದ ಹತ್ತಿ ಬಂದೈತಿ, ಇದಕ್ಕಿಂತ ಒಂದು ಪೈಸೆ ಏಳಂಗಿಲ್ಲ," ಎಂದು ಗಟ್ಟಿಯಾಗಿಯೇ ಅಂದುಬಿಟ್ಟ.

"ನನಗ ನಾನೂರ ಇಪ್ಪತ್ತು ಅಂದ್ರಲ್ಲ," ಅಂದ ಮಾರೆಣ್ಣ ಗೊಂದಲದಿಂದ.

ದುರುಗಣ್ಣ ಮೀಸೆಯಿಂದ ಕೈ ತೆಗೆದ. ತನ್ನದು ನಾನೂರ ಎಪ್ಪತ್ತು ಎಂದು ಹೇಳಲು ಅವನಿಗೇ ನಾಚಿಕೆಯಾಯಿತು. ಕೊನೆಗೆ ಹೇಳಿದ.

ಸಾವಂತ್ರಮ್ಮ ಮೂವರನ್ನೂ ನೋಡಿದಳು. "ಹಡಗು ಒಂದ ಬಂದಿದ್ರ ರೇಟು ಮೂರು ಯಾಕ?"

ಎರ್ರಿಸ್ವಾಮಿ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. "ಈಕಿ ಅಂಡಿಗಿ ನನಗ ಬ್ಯಾಡ. ನಾ ಬ್ಯಾಡ ಅಂದ ಮಾಲು ಈ ಪೇಟ್ಯಾಗ ಯಾರು ಮುಟ್ಟತಾರ ನೋಡ್ತೀನಿ," ಎಂದು ಹೊರಟುಹೋದ.

ಯಾರೂ ಮುಟ್ಟಲಿಲ್ಲ. ಒಂದು ದಿನ, ಎರಡು ದಿನ. ಸಾವಂತ್ರಮ್ಮ ಬುತ್ತಿಯ ರೊಟ್ಟಿ ತಿಂದುಕೊಂಡು ಅಂಡಿಗೆ ಕಾಯ್ದಳು. ಮಾರದೆ ವಾಪಸು ಒಯ್ದರೆ ಮುಂದಿನ ಹಂಗಾಮಿಗೆ ಬೀಜವಿಲ್ಲ, ಹದಿನೆಂಟು ಅಂಡಿಗೆಯೂ ಊರಿನವರ ನಗೆಪಾಟಲು. "ಬಾಯಿ ಜೋರು ಮಾಡಿ ಕೆಟ್ಟಿ," ಎಂದು ರಾಘಣ್ಣ ಗದ್ದಿಗೆಯಿಂದಲೇ ಬುದ್ಧಿ ಹೇಳಿದ. "ಬಾಯಿದ್ದವ ಬರಗಾಲದಾಗೂ ಬದುಕ್ಯಾನ್ರಿ," ಅಂದಳು. ದುರುಗಣ್ಣನೂ ಇನ್ನೂ ಏಳೆಂಟು ಜನರೂ ಎಲ್ಲರಿಗೂ ಒಂದೇ ದರವಾಗಲಿ ಎಂದು ತೂಕಕ್ಕೆ ಹೋಗದೆ ನಿಂತರು. ಮಾರೆಣ್ಣ ಎರಡನೆಯ ಸಂಜೆ ಮೆಲ್ಲಗೆ ವಲ್ಲಿಯ ಕೆಳಗೆ ಕೈ ಇಟ್ಟು ಮಾರಿಬಿಟ್ಟ. ಸಾವಂತ್ರಮ್ಮನಿಗೆ ನೋವಾಯಿತು. "ಹೋಗ್ಲಿ, ಮಗಳ ಮದುವಿ ಐತಿ ಅವನ ಮನ್ಯಾಗ," ಎಂದಷ್ಟೇ ಅಂದಳು.

ಆದರೆ ಮುಂಬೈ ಬಂದರಿನಲ್ಲಿದ್ದ ಹತ್ತಿಯಿಂದ ಬಳ್ಳಾರಿಯ ಜಿನ್ನಿನ ಹೊಟ್ಟೆ ತುಂಬೀತೆ? ಮೂರನೆಯ ದಿನ ಎರ್ರಿಸ್ವಾಮಿ ಬಂದ. ಸಾವಂತ್ರಮ್ಮನ ಕಡೆ ಕಣ್ಣೂ ಹಾಯಿಸದೆ, ಗಾದಿಲಿಂಗಪ್ಪನನ್ನು ಬೇವಿನ ಮರದ ಕಡೆಗೆ ಕರೆದು, ನಗುನಗುತ್ತ ಮಳೆಯ ಮಾತು ತೆಗೆದು ವಲ್ಲಿ ಹಾಸಿದ. ಗಾದಿಲಿಂಗಪ್ಪ ರೂಢಿಯಂತೆ ಕೈ ಇಟ್ಟ. ನಾಲ್ಕು ಬೆರಳು, ಏಳು ಗೆಣ್ಣು. ಸುಮ್ಮನೆ ಚೀಟಿ ಬರೆಸಿಕೊಂಡು ಹೋದರೆ ಅವರ ಹದಿನೆಂಟು ಅಂಡಿಗೆ ಪಾರು. ಅಂಡಿಗೆಯ ಮೇಲಿಂದ ಅತ್ತಿಗೆ ನೋಡುತ್ತಿದ್ದಳು.

ಹುಟ್ಟಿದಾಗಿನಿಂದ ಗಟ್ಟಿ ದನಿ ಎತ್ತದ ಗಾದಿಲಿಂಗಪ್ಪ ಎಡಗೈಯಿಂದ ಆ ವಲ್ಲಿಯನ್ನು ಸರಕ್ಕನೆ ಎಳೆದು ತೆಗೆದ. ಇಬ್ಬರ ಕೈ ಬಿಸಿಲಿಗೆ ಬಿತ್ತು.

"ನಾನೂರ ಎಪ್ಪತ್ತು," ಎಂದು ಕೂಗಿದ. "ನಮಗ ನಾನೂರ ಎಪ್ಪತ್ತು ಅಂದಾರ್ರಪೋ, ಕೇಳ್ಕೊಳ್ರಿ ಎಲ್ಲಾರು."

ಆ ದಿನ ಆ ಅಂಗಳದ ಹತ್ತಿಯೆಲ್ಲ ಅದೇ ದರಕ್ಕೆ ತೂಕಕ್ಕೆ ಹೋಯಿತು. ಏಳುನೂರಂತೂ ಬರಲಿಲ್ಲ. ಬರುವಂತಿರಲಿಲ್ಲ, ಹಡಗು ಬಂದದ್ದು ನಿಜವೇ ಆಗಿತ್ತು. ಊರಿಗೆ ಮರಳುವಾಗ ಬಂಡಿಯಲ್ಲಿ ಸಾವಂತ್ರಮ್ಮ ಅಂದಳು: "ಎರ್ರಿಸ್ವಾಮಿದು ಬರೇ ಪೇಟಿ ವಲ್ಲಿ, ಗಾದಿಲಿಂಗಾ. ದಿಲ್ಲಿಯವ್ರದು ದೇಶಕ್ಕ ಹಾಸೋ ವಲ್ಲಿ."

ಆರೇಳು ವರ್ಷ ಕಳೆಯಿತು. ಕೂದಲು ನೆರೆತ ವೆಂಕಟೇಶ ಈ ಸಲ ಜೀಪಿನಲ್ಲಿ ಬಂದ. ಅದೇ ಗುಡಿ ಕಟ್ಟೆ. ದೇಶ ಅಡುಗೆ ಎಣ್ಣೆಯನ್ನು ಹೊರಗಿನಿಂದ ತರಿಸುತ್ತಿದೆ, ಡಾಲರು ಹೋಗುತ್ತಿದೆ ಎಂದ. "ಸೂರ್ಯಕಾಂತಿ ಹಾಕ್ರಿ. ನೀವು ಬೆಳೆದ್ರ ಆ ಹಡಗು ನಿಲ್ತದ."

ಎಲ್ಲರೂ ಸಾವಂತ್ರಮ್ಮನ ಕಡೆ ತಿರುಗಿದರು. ಈಗ ಅವಳು ಕಂಬದ ಹಿಂದೆ ಕೂರುತ್ತಿರಲಿಲ್ಲ, ಮುಂದೆಯೇ ಕೂತಿದ್ದಳು.

"ಹಾಕ್ತೀನ್ರಿ. ಹಡಗು ನಿಲ್ಲಿಸೋದು ನನಗೇನು ಹೊಸಾದಲ್ಲ," ಅಂದಳು. ಎದ್ದು ಅವನ ಮುಂದೆ ಆ ಉದ್ದ ಉಗುರಿನ ಬರಿಗೈ ಚಾಚಿದಳು. "ಆದರ ಒಂದು ಮಾತು. ಮತ್ತ ಆ ಹಡಗು ಕರಸೋ ದಿನ ಬರತೈತಲ್ಲ, ಅವತ್ತೂ ಇದ ಜೀಪಿನ್ಯಾಗ, ಇದ ಕಟ್ಟಿಗೆ ಬಂದು, ಎಲ್ಲಾರ ಮುಂದ ಬಾಯಿಲೆ ಹೇಳಿ ಹೋಗ್ತೀನಿ ಅಂತ ಕೈ ಮ್ಯಾಲ ಕೈ ಹಾಕ್ರಿ."

ವೆಂಕಟೇಶ ಆ ಕೈಯನ್ನು ನೋಡುತ್ತ ನಿಂತ. ಅವನ ಕೈ ಜೇಬಿನಿಂದ ಹೊರಗೆ ಬರಲಿಲ್ಲ.