ಶುಕ್ರವಾರದ ನೀಲಿ

ಶುಕ್ರವಾರ ಬಂತೆಂದರೆ ನನ್ನ ಅಮ್ಮ ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ, ಬಾಚಿ, ತುರುಬು ಕಟ್ಟಿ, ಒಗೆದ ಸೀರೆ ಉಟ್ಟು ಜಗಲಿಯಲ್ಲಿ ಕೂರುತ್ತಿದ್ದಳು. ನೋಡಿದವರು ಎಲ್ಲೋ ಮದುವೆಗೆ ಹೊರಟಿದ್ದಾಳೆ ಅಂದುಕೊಳ್ಳಬೇಕು. ಅವಳು ಎಲ್ಲಿಗೂ ಹೊರಟಿರುತ್ತಿರಲಿಲ್ಲ. ಅದು ಅವಳ ಉಪವಾಸದ ದಿನ.

ಉಪವಾಸ ಇರುವವರು ಸಪ್ಪೆ ಮೋರೆ ಹೊತ್ತು ತಿರುಗಬಾರದು, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಂಡು ಇರಬೇಕು, ದೇವರಿಗೊಬ್ಬನಿಗೆ ಗೊತ್ತಾದರೆ ಸಾಕು ಎಂದು ಇಗರ್ಜಿಯಲ್ಲಿ ಪಾದ್ರಿಗಳ ಬಾಯಲ್ಲಿ ಕೇಳಿದ್ದನ್ನು ಅಮ್ಮ ಚಾಚೂ ತಪ್ಪದೆ ನಡೆಸುತ್ತಿದ್ದಳು. ನಾನೂ ಅದೇ ಇಗರ್ಜಿಯಲ್ಲಿ ಅದೇ ಉಪದೇಶಗಳನ್ನು ಕೇಳುತ್ತ ಬೆಳೆದವನು. ನಾನು ಸರಿಯಾಗಿ ಪಾಲಿಸಿದ್ದು ಯಾವುದು ಎಂದು ಯೋಚಿಸಿದರೆ 'ಎಚ್ಚರವಾಗಿರಿ' ಎನ್ನುವುದೊಂದೇ ನೆನಪಿಗೆ ಬರುತ್ತದೆ. ಅದನ್ನು ಮಾತ್ರ ಹಾಸಿಗೆಯಲ್ಲೂ ಬಿಟ್ಟವನಲ್ಲ.

ಅಮ್ಮನ ಆ ಉಪವಾಸಕ್ಕೆ ಕಾರಣ ನಾನೇ. ನಾನು ಚಿಕ್ಕವನಾಗಿದ್ದಾಗ ನಾವು ತೀರ್ಥಹಳ್ಳಿಯಲ್ಲಿದ್ದೆವು. ಅಪ್ಪ ಅರಣ್ಯ ಇಲಾಖೆಯಲ್ಲಿ ಗಾರ್ಡು. ನನಗೆ ವಿಷಮಶೀತ ಜ್ವರ ಬಂದು ವಾರಗಟ್ಟಲೆ ಇಳಿಯಲಿಲ್ಲವಂತೆ. ಕೈ ಬಿಟ್ಟ ಹಾಗೇ ಎಂದು ಅಪ್ಪನೂ ಸುಮ್ಮನಾದ ದಿನ ಅಮ್ಮ ಶಿಲುಬೆಯ ಮುಂದೆ ಹರಕೆ ಹೇಳಿಕೊಂಡಳು. ಮಗ ಉಳಿದರೆ, ತಾನಿರುವ ತನಕ ಪ್ರತಿ ಶುಕ್ರವಾರ ಸಂಜೆಯ ಪ್ರಾರ್ಥನೆ ಗಂಟೆ ಹೊಡೆಯುವವರೆಗೂ ನೀರಲ್ಲದೆ ಬೇರೇನೂ ಬಾಯಿಗೆ ಹಾಕುವುದಿಲ್ಲ. ಗಂಟೆಯಾದ ಮೇಲೆ ಗಂಜಿ, ಉಪ್ಪು, ಅಷ್ಟೆ.

ನಾನು ಉಳಿದೆ. ಉಳಿದು ಏನು ಸಾಧಿಸಿದೆ ಎಂದು ಕೇಳಬಾರದು. ಮೇಷ್ಟ್ರಾದೆ.

ಹಸಿದವಳ ಎದುರು ಕೂತು ಉಣ್ಣುವುದು ಹೇಗಿರುತ್ತದೆ ಎಂದು ಪ್ರತಿ ಶುಕ್ರವಾರ ಮಧ್ಯಾಹ್ನ ನನಗೆ ಗೊತ್ತಾಗುತ್ತಿತ್ತು. ಅನ್ನ ಬಡಿಸಿ ಎದುರಿಗೆ ಕೂತು ಅಮ್ಮ ನನ್ನನ್ನೇ ನೋಡುವಳು. ಎಲೆಯಲ್ಲಿ ಒಂದಗುಳು ಬಿಟ್ಟರೂ ಎಂಥದೋ ದೊಡ್ಡ ಅಪರಾಧವಾದಂತೆ ನನಗೆ ಅನ್ನಿಸುತ್ತಿತ್ತು. ನನ್ನ ಹೊಟ್ಟೆಯ ತೊಂದರೆ ಶುರುವಾದದ್ದು ಆಗಲೇ ಇರಬೇಕು. ಮುಂದೆ ಹೊಸನಗರದ ಶಾಲೆಯಲ್ಲಿದ್ದ ವರ್ಷಗಳಲ್ಲಿ ಆ ಹೊಟ್ಟೆಯುರಿಗೆ ನಾನು ತಿನ್ನದ ಪುಡಿಯಿಲ್ಲ. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸುವಾಗಲೆಲ್ಲ ಅಲ್ಲಿನ ಅಂಗಡಿಯವನು ನನ್ನ ಮುಖ ಕಂಡ ಕೂಡಲೇ ಪೊಟ್ಟಣ ಕಟ್ಟಲು ಕಾಗದ ಹರಿಯುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಸಕ್ಕರೆ ಕಾಯಿಲೆ ಕಾಣಿಸಿತು. ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಒಳ್ಳೆಯ ಡಾಕ್ಟರು ಸಿಗುತ್ತಾರೆಂದು ನಾನು ಕೈಕಾಲು ಹಿಡಿದು ಸಾಗರಕ್ಕೆ ವರ್ಗ ಮಾಡಿಸಿಕೊಂಡೆ. ಇಗರ್ಜಿಯ ಪೂಜೆಯೆಲ್ಲ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ತಿರುಗುತ್ತಿದ್ದ ಕಾಲ ಅದು. ಉಪವಾಸದ ಕಟ್ಟಳೆಗಳೂ ಒಂದೊಂದಾಗಿ ಸಡಿಲವಾಗುತ್ತಿದ್ದವು. ಅಮ್ಮನಿಗೆ ಎರಡೂ ಹಿಡಿಸಲಿಲ್ಲ. "ಅರ್ಥ ಆಗೋಕೆ ಶುರುವಾದ್ಮೇಲೆ ಜನ ತಿನ್ನೋಕೂ ಶುರು ಮಾಡಿದ್ರು" ಅನ್ನುತ್ತಿದ್ದಳು.

ಸಾಗರದ ಡಾಕ್ಟರು ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಬರೆದರು. ಸೂಜಿ, ಸಿರಿಂಜು ಕುದಿಸಿ ಚುಚ್ಚುವ ಕೆಲಸ ನನ್ನ ಹೆಂಡತಿಯದು. ನಾನು ಹಿಡಿದರೆ ಸಿರಿಂಜು ನಡುಗುತ್ತಿತ್ತು. ನನ್ನ ಪಾಲಿಗೆ ಬಂದದ್ದು ಮೂತ್ರ ಪರೀಕ್ಷೆ. ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ಅದಕ್ಕೆ ಕೆಲವು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಮೂತ್ರದಲ್ಲಿ ಸಕ್ಕರೆಯಿಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ಬಹಳ. ಈ ಕೆಲಸ ನನ್ನಂಥವನಿಗೇ ಮಾಡಿಟ್ಟ ಹಾಗಿತ್ತು. ಚಿಂತೆಗೆ ಬಣ್ಣವೂ ಸಿಕ್ಕಿತು. ಅಮ್ಮನದು ಮುಗಿದ ಮೇಲೆ ಬಾಗಿಲು ಹಾಕಿಕೊಂಡು ನನ್ನದನ್ನೂ ಕುದಿಸಿ ನೋಡುತ್ತಿದ್ದೆ. ಹೆಂಡತಿ ಹೊರಗಿನಿಂದ, "ಕೆಂಪು ಬಂತಾ? ಬರ್ದಿದ್ರೆ ಬೇಜಾರು ಮಾಡ್ಕೋಬೇಡಿ, ನಾಳೆ ಬರ್ಬಹುದು" ಎಂದು ಕೂಗುವಳು.

ಅಮ್ಮನ ಬಣ್ಣ ವಾರವೆಲ್ಲ ಹಳದಿ, ಕೆಂಪು. ಶುಕ್ರವಾರ ಸಂಜೆ ಮಾತ್ರ ಅಚ್ಚ ನೀಲಿ.

"ನೋಡು," ಅಂದಳು ಅಮ್ಮ ಮೊದಲ ಸಲ ಅದನ್ನು ಕಂಡು, ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ನಮ್ಮ ಇಗರ್ಜಿಯ ಮರಿಯಮ್ಮನ ಸೆರಗಿನ ಬಣ್ಣ. ದೇವ್ರಿಗೆ ಅಂತ ಇಟ್ಟ ಉಪವಾಸ ಮೈಗೂ ಆಯ್ತು. ಡಾಕ್ಟ್ರು ಕೊಟ್ಟ ನೀರೇ ಹೇಳ್ತಿದೆ."

ನಾನೂ ನಂಬಿದೆ. ಹೊಟ್ಟೆ ಖಾಲಿ ಬಿಟ್ಟರೆ ಮೈ ಹಗುರಾಗುತ್ತದೆಂದು ಎಲ್ಲರೂ ಹೇಳುವುದೇ. ಜ್ವರ ಬಂದರೆ ಲಂಘನ ಹಾಕಿಸುವ ಊರು ನಮ್ಮದು. ಪಕ್ಕದ ಮನೆಯ ಪುರೋಹಿತರ ಹೆಂಡತಿಗೂ ಅಮ್ಮನಿಗೂ ಬೇಲಿಯ ಆಚೆ ಈಚೆ ನಿಂತು ಈ ವಿಷಯವೇ ಮಾತು. ಅಮ್ಮನ ಉಪವಾಸ ದೇವರನ್ನೂ ಮನೆಯವರನ್ನೂ ಬಿಟ್ಟರೆ ಗೊತ್ತಿದ್ದದ್ದು ಅವರಿಗೊಬ್ಬರಿಗೇ.

"ಎಂತ ಮಾರಾಯ್ತೀ, ಬರೀ ನೀರು ಕುಡ್ಕಂಡು ಇಪ್ಪದಾ? ಎಂಗೊಗೆ ಏಕಾದಶಿಗೆ ಅವಲಕ್ಕಿ, ಬಾಳೆಹಣ್ಣು ಅಡ್ಡಿಲ್ಲೆ."

"ನಿಮ್ದು ಉಪವಾಸ ಅಲ್ಲ ಅಮ್ಮಾ, ಅನ್ನಕ್ಕೊಂದು ರಜೆ ಅಷ್ಟೆ."

"ಹಂಗಾರೆ ನಿನ್ನ ದೇವರು ರಾಶಿ ಗಟ್ಟಿ ಹೇಳಾತು!"

ಡಾಕ್ಟರಿಗೆ ಮಾತ್ರ ನಾವು ಯಾರೂ ಶುಕ್ರವಾರದ ಸಂಗತಿ ಹೇಳಿರಲಿಲ್ಲ. ಉಪವಾಸವನ್ನು ಹೇಳಿಕೊಂಡು ತಿರುಗಬಾರದು ಎಂದು ಅಮ್ಮನ ಕಟ್ಟಪ್ಪಣೆ. ಸೂಜಿ ಚುಚ್ಚಿದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಬೇಕು ಎಂದು ಅವರು ಹೇಳಿದ್ದನ್ನು ಅಮ್ಮ ಆರು ದಿನ ಪಾಲಿಸುತ್ತಿದ್ದಳು. ಏಳನೆಯ ದಿನ ಸೂಜಿಯನ್ನೂ ತಪ್ಪಿಸುತ್ತಿರಲಿಲ್ಲ, ಉಪವಾಸವನ್ನೂ ತಪ್ಪಿಸುತ್ತಿರಲಿಲ್ಲ. ಡಾಕ್ಟರ ಮಾತನ್ನೂ ಮೀರಿದಂತಾಗಬಾರದು, ದೇವರ ಮಾತನ್ನೂ ಮೀರಿದಂತಾಗಬಾರದು. ಇಬ್ಬರಿಗೂ ಇಷ್ಟೊಂದು ವಿಧೇಯಳಾದ ರೋಗಿ ಸಾಗರದಲ್ಲಿ ಇನ್ನೊಬ್ಬಳಿರಲಿಲ್ಲ.

ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಬಂದಾಗ ವಾರದ ಕೆಂಪು ಇಳಿಯಲಿಲ್ಲವೆಂದು ಡಾಕ್ಟರು ಸೂಜಿಯ ಪ್ರಮಾಣ ಏರಿಸಿದರು. ಅದಾದ ಮೊದಲ ಶುಕ್ರವಾರ ನಾನು ಶಾಲೆಯಿಂದ ಬಂದಾಗ ಅಮ್ಮ ಜಗಲಿಯ ಗೋಡೆಗೆ ಒರಗಿ ಕೂತಿದ್ದಳು. ತಲೆಗೆ ಎಣ್ಣೆಯಿತ್ತು, ತುರುಬು ಬಿಗಿಯಾಗಿತ್ತು, ಮುಖ ಹೊಳೆಯುತ್ತಿತ್ತು. ಹತ್ತಿರ ಹೋದರೆ ಆ ಹೊಳಪು ಎಣ್ಣೆಯದಲ್ಲ, ಬೆವರು. ರವಿಕೆ ಪೂರಾ ಒದ್ದೆ. ಸೆಕೆ ಅಂದುಕೊಂಡೆ.

"ಅಪ್ಪ ಬಂದ್ರಾ? ಕಾಡಿನ್ ಕಡೆ ಹೋದವ್ರು ಇನ್ನೂ ಬರ್ಲಿಲ್ಲ," ಅಂದಳು. ಅಪ್ಪ ಹೋಗಿ ವರ್ಷಗಳಾಗಿದ್ದವು. ನನ್ನ ಹೆಂಡತಿ ನೀರಿನ ಚೊಂಬು ಹಿಡಿದು ಓಡಿ ಬಂದವಳು ಹಾಗೆಯೇ ನಿಂತಳು.

ನಾನು ಮಾಡಿದ್ದೇನು? ಇಷ್ಟು ದಿನ ಜಾಗ್ರತೆಯಾಗಿ ಕಾದುಕೊಂಡ ಸಾಧನ ಒಂದಿತ್ತಲ್ಲ, ಅದನ್ನೇ ತಂದೆ. ಸಂಜೆಯ ಪರೀಕ್ಷೆಗೆಂದು ಹೆಂಡತಿ ಮೊದಲೇ ಹಿಡಿದಿಟ್ಟಿದ್ದ ಮೂತ್ರವನ್ನು ಕುದಿಸಿದೆ. ಅಚ್ಚ ನೀಲಿ. "ನೀಲಿ ಇದೆ! ಏನೂ ಆಗಿಲ್ಲ, ನೀಲಿ ಇದೆ!" ಎಂದು ಕೂಗಿದೆ. ಅಷ್ಟು ಹೊತ್ತಿಗೆ ಅಮ್ಮನ ಕೈ ಅದುರುತ್ತಿತ್ತು, ಕಣ್ಣು ಮೇಲೆ ಸೇರುತ್ತಿತ್ತು.

"ನಿಮ್ಮ ಬಣ್ಣಕ್ಕೆ ಬೆಂಕಿ ಹಾಕ! ಡಾಕ್ಟ್ರನ್ನ ಕರೀರಿ!" ಅಂದಳು ಹೆಂಡತಿ.

ಡಾಕ್ಟರು ಸೈಕಲ್ಲಿನಲ್ಲಿ ಬಂದರು. ನಾಡಿ ಹಿಡಿದು ಕೇಳಿದ ಮೊದಲ ಮಾತು, "ಇವತ್ತು ಏನು ತಿಂದಿದ್ದಾರೆ?"

"ಶುಕ್ರವಾರ ಅವ್ರಿಗೆ ಉಪವಾಸ," ಅಂದಳು ಹೆಂಡತಿ.

"ಏನೂ ಇಲ್ವಾ? ಸೂಜಿ ಹಾಕಿದ್ದೀರಿ, ಊಟ ಕೊಟ್ಟಿಲ್ವಾ? ಸಕ್ಕರೆ ತನ್ನಿ, ಬೇಗ!"

ಸಕ್ಕರೆ ಎಲ್ಲಿಯದು? ಅಮ್ಮನ ಕಣ್ಣಿಗೆ ಬೀಳಬಾರದೆಂದು ಮುನ್ನೆಚ್ಚರಿಕೆಯಿಂದ ಸಕ್ಕರೆ ಬೆಲ್ಲ ಎರಡನ್ನೂ ಮನೆಯಿಂದಲೇ ಹೊರಗೆ ಹಾಕಿದವನು ನಾನು. ಹೆಂಡತಿ ಬೇಲಿಯ ಬಳಿ ನಿಂತು ಕೂಗಿದಳು. ಪುರೋಹಿತರ ಹೆಂಡತಿ ಬೆಲ್ಲದ ನೀರಿನ ಲೋಟ ಹಿಡಿದು ಬೇಲಿಯ ಗಿಡಗಳನ್ನು ಬಗ್ಗಿಸಿಕೊಂಡೇ ಬಂದರು. ಡಾಕ್ಟರು ಅಮ್ಮನ ತಲೆ ಎತ್ತಿ ಹಿಡಿದು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಹನಿಸಿದರು. ಅದೃಷ್ಟಕ್ಕೆ ನುಂಗುವ ಶಕ್ತಿ ಇನ್ನೂ ಇತ್ತು. ನಾನು ಕೊಳವೆ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದೆ.

ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು. ನಾಲಿಗೆಯಿಂದ ತುಟಿ ಸವರಿದಳು. ಸಿಹಿ ತಿಳಿಯಿತು. ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು.

"ಗಂಟೆ ಹೊಡೀತಾ?"

ಹೊರಗೆ ಇನ್ನೂ ಬೆಳಕಿತ್ತು. ನನ್ನ ಹೆಂಡತಿ ಅಮ್ಮನ ಹಣೆ ಒರೆಸುತ್ತ, "ಹೊಡೀತು ಅತ್ತೆ, ಆಗ್ಲೇ ಹೊಡೀತು" ಅಂದಳು.

ಅವಳ ಮಾತು ಮುಗಿದು ತುಸು ಹೊತ್ತಾಗಿತ್ತು, ಇಗರ್ಜಿಯ ಗಂಟೆ ಹೊಡೆಯತೊಡಗಿತು. ಅದು ನಿಲ್ಲುವವರೆಗೂ ನಾವೆಲ್ಲ ಕೇಳಿದೆವು. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

ಡಾಕ್ಟರು ಹೋಗುವಾಗ ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. ನೀಲಿ ಅಂದರೆ ಮೂತ್ರದಲ್ಲಿ ಸಕ್ಕರೆಯಿಲ್ಲ ಅಂತ ಅಷ್ಟೇ, ರಕ್ತದಲ್ಲಿ ಅದು ಅಪಾಯವಾಗುವಷ್ಟು ಇಳಿದರೂ ಬಣ್ಣ ನೀಲಿಯೇ. ಸೂಜಿ ಹಾಕಿ ಉಪವಾಸ ಬಿದ್ದರೆ ಒಂದೇ ಸಂಜೆಗೆ ಮುಗಿಯುತ್ತದೆ. ಉಪವಾಸಕ್ಕೆಂದು ಸೂಜಿ ಬಿಡುತ್ತ ಹೋದರೆ ನಿಧಾನವಾಗಿ ಮುಗಿಯುತ್ತದೆ. "ಯಾವುದು ಬೇಕು, ನೀವೇ ಯೋಚನೆ ಮಾಡಿ ಮೇಷ್ಟ್ರೆ."

ಯೋಚನೆ ಮಾಡು ಎಂದು ನನಗೆ ಹೇಳಬೇಕೆ?

ಅಮ್ಮ ಮಾತ್ರ ಯೋಚನೆ ಮುಗಿಸಿದ್ದಳು. ಬರುವ ಶುಕ್ರವಾರ ಸೂಜಿ ಬೇಡ, ಉಪವಾಸ ಇರುತ್ತೇನೆ ಅಂದಳು. ಅಳುತ್ತ ಹೇಳಿದರೂ ಕೇಳಲಿಲ್ಲ, ಗದರಿದರೂ ಕೇಳಲಿಲ್ಲ. ನಾನು ಇಗರ್ಜಿಗೆ ಹೋಗಿ ಪಾದ್ರಿಗಳನ್ನು ಕರೆತಂದೆ. ಅವರು ಮಂಗಳೂರು ಕಡೆಯವರು.

"ಅಜ್ಜೀ, ಕಾಯಿಲೆಯವರಿಗೆ ಉಪವಾಸ ಇಲ್ಲ. ನಿಮ್ಮ ವಯಸ್ಸಿನವರಿಗೂ ಇಲ್ಲ. ನಾನು ವಿನಾಯಿತಿ ಕೊಡ್ತೇನೆ, ಆಯ್ತಲ್ಲ? ಇನ್ನು ಎಂತ ಹೆದರಿಕೆ?"

"ನೀವು ಕೊಡ್ತೀರಿ ಫಾದರ್. ಆದ್ರೆ ನಾನು ಮಾತು ಕೊಟ್ಟಿದ್ದು ನಿಮ್ಗಲ್ಲ."

"ದೇವರು ಬಡ್ಡಿ ವಸೂಲಿ ಮಾಡುವವನಲ್ಲ ಅಜ್ಜೀ."

ಅಮ್ಮ ನನ್ನ ಕಡೆ ಬೆರಳು ತೋರಿಸಿದಳು. "ಇವ್ನ ಜೀವಕ್ಕೆ ಅಂತ ಹೇಳ್ಕೊಂಡಿದ್ದು. ನಾನು ಬಿಟ್ಟು, ನಾಳೆ ಇವ್ನಿಗೆ ಏನಾದ್ರೂ ಆದ್ರೆ? ನಾನು ಉಂಡು ಕೂತಿರೋವಾಗ ಇವ್ನಿಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

ನನ್ನ ಚಿಂತೆಯೆಲ್ಲ ಯಾರ ಕಡೆಯಿಂದ ಬಂದದ್ದು ಎಂದು ನನಗೆ ಆಗ ತಿಳಿಯಿತು. ಅಪ್ಪ ಕಾಡಿನಲ್ಲಿ ಎಲ್ಲಿ ಬೇಕಾದರೂ ನಿದ್ದೆ ಹೊಡೆಯುತ್ತಿದ್ದ ಮನುಷ್ಯ. ಅಮ್ಮ ತನ್ನ ಹೆದರಿಕೆಯನ್ನು ಶುಕ್ರವಾರಕ್ಕೆ ಕಟ್ಟಿಹಾಕಿದ್ದಳು. ಅದರಿಂದಲೇ ಉಳಿದ ದಿನ ನಗುತ್ತ ಇರಲು ಅವಳಿಗೆ ಆಗುತ್ತಿತ್ತು. ನನ್ನದು ಏಳು ದಿನವೂ ಬಿಚ್ಚಿಕೊಂಡೇ ಇತ್ತು.

"ನನ್ನ ಜೀವಕ್ಕೆ ತಾನೆ ಅಮ್ಮಾ," ಅಂದೆ. "ಹಾಗಾದ್ರೆ ಶುಕ್ರವಾರ ನಾನಿರ್ತೀನಿ. ನೀನು ಉಣ್ಣು."

"ನೀನಾ?" ಅಮ್ಮನಿಗೆ ನಗು ಬಂತು, ಅಷ್ಟು ಸಂಕಟದಲ್ಲೂ. "ಹತ್ತು ಗಂಟೆಗೆ ಅವಲಕ್ಕಿ ಕಾಣ್ದಿದ್ರೆ ತಲೆ ಸುತ್ತುತ್ತೆ ಅಂತ ಗೋಡೆ ಹಿಡಿಯೋನು."

ಪಾದ್ರಿಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೂ ಅನುಮಾನವೇ. ಕಡೆಗೆ, ಹರಕೆಯನ್ನು ಬದಲಿಸಿ ಕೊಡುವ ಅಧಿಕಾರ ತಮಗಿದೆ, ತಾಯಿಯ ಶುಕ್ರವಾರ ಇನ್ನು ಮಗನದು ಎಂದರು. ಇಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥನೆ ಹೇಳಿದರು. ಅಮ್ಮ 'ಆಮೆನ್' ಅನ್ನಲಿಲ್ಲ.

ಶುಕ್ರವಾರ ಬಂತು. ಬೆಳಿಗ್ಗೆ ಹೆಂಡತಿ ಸೂಜಿ ಹಿಡಿದು ನಿಂತು, "ಅತ್ತೆ, ಹಾಕಿದ್ಮೇಲೆ ನೀವು ಉಣ್ಲೇಬೇಕು, ಉಣ್ದೆ ಇದ್ರೆ ಹೋದ್ವಾರದ ಹಾಗೇ ಆಗುತ್ತೆ. ಹಾಕ್ಲಾ?" ಅಂದಳು. ಅಮ್ಮ ಶಿಲುಬೆಯ ಕಡೆ ಒಮ್ಮೆ ನೋಡಿ ತೋಳು ಚಾಚಿದಳು. ಸೂಜಿಯಾಯಿತು. ಹೆಂಡತಿ ರೊಟ್ಟಿ, ಪಲ್ಯ ಬಡಿಸಿದಳು. ನಾನು ಖಾಲಿ ಕೈಯಲ್ಲಿ ಎದುರಿಗೆ ಕೂತೆ.

ಅಮ್ಮ ತಟ್ಟೆ ಮುಟ್ಟಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಗೋಡೆಯ ಗಡಿಯಾರ ಓಡುತ್ತಿತ್ತು. ಹೆಂಡತಿ ಬಾಗಿಲ ಬಳಿ ಬೆಲ್ಲದ ಡಬ್ಬಿ ಅವಚಿಕೊಂಡು ನಿಂತಿದ್ದಳು. ಅರ್ಧ ಗಂಟೆ ಹತ್ತಿರವಾಗುತ್ತಿತ್ತು. ಹಸಿವು ಇನ್ನೂ ಶುರುವಾಗಿರಲಿಲ್ಲ, ಕೈಕಾಲು ಮಾತ್ರ ತಣ್ಣಗಾಗಿತ್ತು.

"ಇದೇನೋ ಮುಖ," ಅಂದಳು ಅಮ್ಮ ಕೊನೆಗೆ. "ಹೆಣ ಕಾಯೋಕೆ ಕೂತೋರ ಹಂಗೆ. ಹೀಗೆ ಶಾಲೆಗೆ ಹೋದ್ರೆ ಸಾಗರಕ್ಕೆಲ್ಲ ಗೊತ್ತಾಗುತ್ತೆ ಉಪವಾಸ ಅಂತ. ಎಣ್ಣೆ ಬಟ್ಲು ತಾ ಇಲ್ಲಿ."

ತಂದೆ. ನನ್ನನ್ನು ಮುಂದೆ ಕೂರಿಸಿಕೊಂಡು, ಇದ್ದಷ್ಟು ಕೂದಲಿಗೆ ಎಣ್ಣೆ ತಟ್ಟಿ, ಬಾಚಿ, ಸೆರಗಿನಿಂದ ಹಣೆ ಒರೆಸಿದಳು. ಅವಳ ಬೆರಳು ಅದುರುತ್ತಿರಲಿಲ್ಲ. ಎಣ್ಣೆಯ ಕೈ ತೊಳೆದು ಬಂದು, ಶಿಲುಬೆಯ ಗುರುತು ಮಾಡಿ, ರೊಟ್ಟಿ ಮುರಿದಳು. ನಾನು ಎದ್ದು ಶಾಲೆಗೆ ಹೊರಟಾಗ ಅವಳು ಎರಡನೆಯ ರೊಟ್ಟಿಗೆ ಕೈ ಹಾಕಿದ್ದಳು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಶುಕ್ರವಾರ ಅಮ್ಮನ ಕೊಳವೆ ಈಗ ನೀಲಿಯಾಗುವುದಿಲ್ಲ, ಹಸಿರು. ಅಷ್ಟಿದ್ದರೆ ಒಳ್ಳೆಯದೇ ಅನ್ನುತ್ತಾರೆ ಡಾಕ್ಟರು. ನನ್ನ ಹೊಟ್ಟೆಯುರಿ ಯಾವ ಪುಡಿಗೂ ಬಗ್ಗದೆ ಇದ್ದದ್ದು, ವಾರಕ್ಕೊಂದು ದಿನದ ಈ ಖಾಲಿತನಕ್ಕೆ ತಾನಾಗಿ ತಣ್ಣಗಾಯಿತು. ಅದಕ್ಕೂ ಚಿಂತೆಯಾಯಿತು. ಲಾಭ ಬರುವ ಉಪವಾಸ ಹರಕೆಗೆ ಸಲ್ಲುತ್ತದೆಯೋ ಇಲ್ಲವೋ? ಪಾಪನಿವೇದನೆಯಲ್ಲಿ ಕೇಳಿಯೇ ಬಿಟ್ಟೆ. ಜಾಲರಿಯ ಆಚೆಯಿಂದ ಪಾದ್ರಿಗಳು, "ಹೊಟ್ಟೆ ಸರಿಯಾಯ್ತು ಅಂತ ಕ್ಷಮೆ ಕೇಳ್ಲಿಕ್ಕೆ ಬಂದವರು ನೀವೇ ಮೊದಲು ಮಾರಾಯ್ರೆ. ಹೋಗಿ" ಅಂದರು.

ಇವತ್ತೂ ಶುಕ್ರವಾರ. ತಲೆಯ ಎಣ್ಣೆ ಕಾಗದಕ್ಕೆ ತಾಗದಂತೆ ಜಾಗ್ರತೆಯಾಗಿ ಇದನ್ನು ಬರೆಯುತ್ತಿದ್ದೇನೆ. ಒಲೆಯ ಮೇಲೆ ಗಂಜಿ ಬೇಯುವ ವಾಸನೆ ಬರುತ್ತಿದೆ. ಅಮ್ಮನಿಗೆ ಈಗ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಒಳಗಿನಿಂದ ನನ್ನ ಹೆಂಡತಿಯನ್ನು ಆಗಿನಿಂದ ಕೇಳುತ್ತಲೇ ಇದ್ದಾಳೆ.

"ಗಂಟೆ ಹೊಡೀತೇನೇ? ಅವ್ನಿಗೆ ಹಸಿವಾಗಿರುತ್ತೆ."

"ಇಲ್ಲ ಅತ್ತೆ," ಅನ್ನುತ್ತಾಳೆ ಹೆಂಡತಿ. "ಇನ್ನೂ ಇಲ್ಲ."