ಮರಿಯಿಲ್ಲದ ಮೇಕೆಯ ಹಾಲು

ಹೋದ ತಿಂಗಳು ದುರ್ಗದಿಂದ ಹಿರಿಯೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಮೂವತ್ತರ ಆಸುಪಾಸಿನ ಒಬ್ಬಾತ ಬಂದು ಕೂತ. ಅವನ ಬ್ಯಾಗಿನ ಬಾಯಿಂದ ಒಂದು ಪ್ಲಾಸ್ಟಿಕ್ ಗ್ಲೌಸು ಇಣುಕುತ್ತಿತ್ತು. ಬೆರಳಿನಿಂದ ತೋಳಿನ ಬುಡದವರೆಗೆ ಬರುವಂಥದ್ದು. ಜೊತೆಗೆ ಟಿಂಚರಿನ ವಾಸನೆ. ಅಷ್ಟುದ್ದದ ಗ್ಲೌಸು ಹಾಕುವವರು ದನದ ಡಾಕ್ಟರಲ್ಲದೆ ಇನ್ನಾರು? ಕೇಳಿಯೇಬಿಟ್ಟೆ. ಹೌದು ಅಂತ ನಕ್ಕ. ನನಗೆ ಇಪ್ಪತ್ತಾರು ವರ್ಷದ ಹಿಂದಿನ ಇನ್ನೊಬ್ಬ ದನದ ಡಾಕ್ಟರು ನೆನಪಾದರು. ಇವತ್ತು ನಾನು ಬಸ್ಸಿನಲ್ಲಿ ಕೂತು ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸುತ್ತಿದ್ದೇನೆ ಅಂದರೆ ಅದು ಅವರಿಂದ.

ನಾನು ಹೊಸದುರ್ಗದ ಕಡೆಯ ತೆಂಗಿನ ತೋಟದವಳು. ಮದುವೆಯಾಗಿ ಬಂದದ್ದು ಜವನಗೊಂಡನಹಳ್ಳಿ ಹತ್ತಿರದ ಊರಿಗೆ, ಕುರಿ ಮೇಕೆ ಸಾಕುವ ಮನೆಗೆ. ಮೊದಮೊದಲು ನನಗೆ ಯಾವುದು ಕುರಿ, ಯಾವುದು ಮೇಕೆ ಅಂತಲೇ ತಿಳಿಯುತ್ತಿರಲಿಲ್ಲ. "ಬಾಲ ಕೆಳಗಿದ್ರೆ ಕುರಿ, ಮ್ಯಾಲಿದ್ರೆ ಮೇಕೆ, ಅಷ್ಟು ನೆನಪಿಟ್ಕ" ಅಂತ ನಮ್ಮತ್ತೆ ಹೇಳಿಕೊಟ್ಟರು. ಅತ್ತೆಯ ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ನಾನು ಬಸುರಿ ಅಂತ ಗೊತ್ತಾದ ದಿನದಿಂದ ಬೆಳಿಗ್ಗೆ ಮೇಕೆ ಕರೆದ ಕೂಡಲೇ, ನೊರೆ ಆರುವ ಮುಂಚೆ, ಒಂದು ಲೋಟ ಹಾಲು ನನ್ನ ಕೈಗೆ ಬರುತ್ತಿತ್ತು. ಕಾಯಿಸಿದರೆ ಸತ್ವ ಹೋಗುತ್ತದೆ ಅಂತ ಅವರ ನಂಬಿಕೆ. ಅವರ ಅತ್ತೆಯೂ ಅವರಿಗೆ ಹಾಗೇ ಕೊಟ್ಟಿದ್ದರಂತೆ. ಲೋಟ ಖಾಲಿಯಾಗುವ ತನಕ ಎದುರಿಗೇ ನಿಂತಿರುತ್ತಿದ್ದರು.

ನಾಲ್ಕು ತುಂಬುವ ಹೊತ್ತಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಇಲ್ಲ, ಸಂಜೆಯಾದರೆ ಬಂತು. ಸೀರೆ ಹಿಂಡುವಷ್ಟು ಬೆವರು, ಸೊಂಟದಲ್ಲಿ ಎದ್ದು ನಿಲ್ಲಲಾಗದ ನೋವು. ಐದನೇ ತಿಂಗಳಲ್ಲಿ ಮಗು ಹೋಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ... ಮಗು ಹೋದರೂ ಜ್ವರ ಮಾತ್ರ ಹೋಗಲಿಲ್ಲ. ಒಬ್ಬ ಡಾಕ್ಟರು ಟೈಫಾಯ್ಡ್ ಅಂದರು, ಇನ್ನೊಬ್ಬರು ಸೊಂಟದ ಕ್ಷಯ ಇರಬಹುದು ಅಂದರು. ಏನು ತಿಂದೆ, ಯಾವ ನೀರು ಕುಡಿದೆ ಅಂತ ಎಲ್ಲರೂ ಕೇಳಿದರು. ಮನೆಯ ಮೇಕೆಗಳು ಹೇಗಿವೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾವು ಹೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಯಾಕೆಂದರೆ ಆ ವರ್ಷ ನಮ್ಮ ಮೇಕೆಗಳು ಒಂದರ ಹಿಂದೆ ಒಂದು ಕಂದು ಹಾಕಿದ್ದವು. ದಿನ ತುಂಬುವ ಮೊದಲೇ ಮರಿ ಹೋದರೆ ನಮ್ಮ ಕಡೆ ಹಾಗನ್ನುತ್ತಾರೆ. ಬೆಳೆ ಕೊಯ್ದ ಮೇಲೆ ಹೊಲದವರು ಗೊಬ್ಬರಕ್ಕೆ ಅಂತ ಮಂದೆಯನ್ನು ತಮ್ಮ ಹೊಲದಲ್ಲಿ ತಂಗಲು ಕರೆಯುತ್ತಾರೆ. ಕಂದು ಹಾಕುವ ಮಂದೆ ಅಂತ ಸುದ್ದಿಯಾದರೆ ಯಾರೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಅತ್ತೆ ಸತ್ತ ಮರಿಗಳನ್ನು ಹಿತ್ತಿಲಲ್ಲಿ ಹೂತು ಬಾಯಿ ಮುಚ್ಚಿಕೊಂಡಿದ್ದರು.

ದನದ ಡಾಕ್ಟರು ಬಂದದ್ದು ಕುರಿಗಳಿಗೆ ಕರುಳುಬೇನೆಯ ಸೂಜಿ ಹಾಕಲು. ಗಿಡ್ಡ ಆಳು, ಸದಾ ಮಾಸಿದ ಸಫಾರಿ, ಮುದಿ ಲೂನಾ. ಮನುಷ್ಯರನ್ನು ಕಂಡರೆ ಸಿಡಿಮಿಡಿ, ಮೇಕೆಗೆ ಮಾತ್ರ "ಬಾರಮ್ಮಾ ತಾಯಿ" ಅನ್ನುತ್ತಿದ್ದರು. ಅವತ್ತು ಸೂಜಿ ಹಾಕುತ್ತಾ ಹಾಕುತ್ತಾ ಒಂದು ಮೇಕೆಯ ಹತ್ತಿರ ತಟ್ಟನೆ ನಿಂತರು.

"ಕೆಚ್ಚಲು ತುಂಬೈತೆ, ಮರಿ ಎಲ್ಲಿ ಅಜ್ಜಿ?"

ಮಾರಿದೆವು ಅಂದರು ಅತ್ತೆ. ಡಾಕ್ಟರು ಇನ್ನೊಂದು ಮೇಕೆಯ ಕೆಚ್ಚಲು ಮುಟ್ಟಿದರು, ಮತ್ತೊಂದರದ್ದು ಮುಟ್ಟಿದರು. "ಎಲ್ಲಾ ಮಾರಿದ್ರಾ? ಹಂಗಾದ್ರೆ ಈ ಹಾಲು ಯಾರು ಕುಡಿತೀರಿ?"

ಸುಳ್ಳು ಸಿಕ್ಕಿಬಿತ್ತಲ್ಲ ಅನ್ನುವ ಗಾಬರಿಗೆ ಅತ್ತೆ ಇದಕ್ಕಾದರೂ ನಿಜ ಹೇಳೋಣ ಅಂದುಕೊಂಡಿರಬೇಕು. ನನ್ನ ಕಡೆ ಕೈ ತೋರಿಸಿ, "ನಮ್ ಸೊಸಿಗೆ ಸಾಮಿ. ಬಸುರಿ ಇದ್ಲು. ಮರಿ ಪಾಲು ನನ್ ಕೂಸಿಗಾರ ಆಗ್ಲಿ ಅಂತ ದಿನಾ ನೊರೆಹಾಲು ಕೊಟ್ಟೆ. ಏನ್ ಮಾಡಾದು, ದಕ್ಕಲಿಲ್ಲ" ಅಂದರು.

ಡಾಕ್ಟರು ನನ್ನನ್ನು ನೋಡಿದರು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಎದ್ದು ನಿಲ್ಲು ಅಂದರು. ಸೊಂಟ ಹಿಡಿದು, ಕಂಬ ಹಿಡಿದು ಎದ್ದೆ. ಜ್ವರ ಸಂಜೆ ಹೊತ್ತಾ ಅಂದರು. ಬೆವರಾ ಅಂದರು. ನಾನು ಹೇಳುವ ಮುಂಚೆಯೇ ಅವರಿಗೆ ಎಲ್ಲಾ ಗೊತ್ತಿತ್ತು. "ನಂಗೂ ಬಂದಿತ್ತು ತಂಗಿ. ಎರಡು ವರ್ಷ ಯಾರಿಗೂ ತಿಳೀಲಿಲ್ಲ. ಕೊನಿಗೆ ನಾನೇ ಹುಡುಕ್ಕಂಡೆ."

ಮೇಕೆಗಳ ರಕ್ತವನ್ನು ಶೀಷೆಯಲ್ಲಿ ತುಂಬಿಕೊಂಡರು. ನನ್ನ ರಕ್ತ ಮಾತ್ರ ತೆಗೆಯಲಿಲ್ಲ, ಮನುಷ್ಯರಿಗೆ ಸೂಜಿ ಚುಚ್ಚುವ ಅಧಿಕಾರ ತನಗಿಲ್ಲ ಅಂದರು. ದುರ್ಗದ ಒಬ್ಬ ಲೇಡಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಆಕೆ ಚೀಟಿ ಓದಿ ಮೊದಲು ನಕ್ಕರು, ದನದ ಡಾಕ್ಟರು ಕಳಿಸಿದ ಪೇಶೆಂಟು ಇದೇ ಮೊದಲು ಅಂತ. ಆಮೇಲೆ ಇನ್ನೊಂದು ಸಲ ಓದಿದರು, ಆಗ ನಗಲಿಲ್ಲ. ರಕ್ತ ಬೆಂಗಳೂರಿಗೆ ಹೋಗಿ ಬಂತು. ಬ್ರೂಸೆಲ್ಲಾ ಅನ್ನುವ ಹೆಸರು. ಮೇಕೆಗಳಿಗೆ ಬಂದದ್ದೇ ನನಗೂ ಬಂದಿತ್ತು. ದಿನಾ ಇಂಜೆಕ್ಷನ್ನು, ಆರು ವಾರ ಮಾತ್ರೆ ಅಂದರು.

ಆ ವಾರವೇ ದನದ ಡಾಕ್ಟರು ಮತ್ತೆ ಬಂದರು. ಕಾಯಿಲೆ ಇದ್ದ ಮೇಕೆಗಳನ್ನು ಬೇರೆ ಕಟ್ಟಿಸಿದರು, ಕೊಟ್ಟಿಗೆಗೆ ಸುಣ್ಣ ಹಾಕಿಸಿದರು. ಎಲ್ಲಾ ಮುಗಿದ ಮೇಲೆ ಅತ್ತೆ ಅವರ ಮುಂದೆ ನಿಂತು ಆ ಪ್ರಶ್ನೆ ಕೇಳಿದರು. "ಇದು ಇವಳಿಗೆ ಹೆಂಗೆ ಬಂತು ಸಾಮಿ? ನನ್ ಕೂಸು ಯಾಕ್ ಹೋತು?"

ಇದು ಹಸಿ ಹಾಲಿನಿಂದ ಬಂದದ್ದು ಅಂತ ದುರ್ಗದ ಡಾಕ್ಟರು ನನಗೆ ಹೇಳಿದ್ದರು. ಮಗು ಹೋದ ಮೇಲೆ ನೆಂಟರೆಲ್ಲ ನನ್ನತ್ತ ಬೆರಳು ಮಾಡಿ, ತವರಿಗೆ ಕಳಿಸಿಬಿಡು ಅಂದಾಗ, "ನನ್ ಸೊಸಿ ತಂಟೆಗೆ ಬಂದೋರ ಕಾಲು ಮುರೀತೀನಿ" ಅಂದಿದ್ದವರು ಈ ಅತ್ತೆ. ತನ್ನ ಕೈಯಾರೆ ಕೊಟ್ಟ ಲೋಟದಿಂದಲೇ ಮೊಮ್ಮಗು ಹೋಯಿತು ಅಂತ ತಿಳಿದರೆ ಅವರು ಉಳಿಯುತ್ತಿರಲಿಲ್ಲ.

ಡಾಕ್ಟರು ಲೂನಾದ ಸೀಟು ಒರೆಸುತ್ತಾ, "ಕಂದು ಹಾಕಿದ ಮೇಕೆ ಮುಟ್ಟಿದ್ರೆ ಬರುತ್ತೆ ಅಜ್ಜಿ" ಅಂದರು.

"ಮುಟ್ಟಿದ್ದು ನಾನಲ್ಲವಾ? ನಂಗ್ಯಾಕೆ ಬರ್ಲಿಲ್ಲ?"

"ನಿಂದು ಗಟ್ಟಿ ಜೀವ. ಅದು ನಿನ್ ಕಂಡು ಹೆದರಿ ಓಡೋಗಿರ್ತೈತೆ."

ಅಷ್ಟು ತಿಂಗಳ ಮೇಲೆ ಅತ್ತೆ ಅವತ್ತು ನಕ್ಕರು. ಆಗ ಡಾಕ್ಟರು ಮುಖ ಗಂಟಿಕ್ಕಿಕೊಂಡು ಸೇರಿಸಿದರು: ಈ ರೋಗ ಕಂಡ ಮನೆಯಲ್ಲಿ ಇನ್ನು ಮುಂದೆ ಯಾರೂ ಹಸಿ ಹಾಲು ಕುಡಿಯುವ ಹಾಗಿಲ್ಲ, ಚೆನ್ನಾಗಿ ಉಕ್ಕು ಬರುವ ತನಕ ಕಾಯಿಸಬೇಕು, ಸರ್ಕಾರದ ಆರ್ಡರ್ ಐತೆ. ಯಾವ ಸರ್ಕಾರ, ಯಾವ ಆರ್ಡರು! ಅಂಥದ್ದೇನೂ ಇರಲಿಲ್ಲ. ಆದರೆ ಅತ್ತೆಗೆ ದೇವರಿಗಿಂತ ಸರ್ಕಾರದ ಭಯ ಜಾಸ್ತಿ. ಅಂದಿನಿಂದ ಮನೆಯಲ್ಲಿ ಹಾಲು ಉಕ್ಕುವವರೆಗೂ ಒಲೆ ಮುಂದೆ ಅವರದ್ದೇ ಪಹರೆ. ಹೊರಡುವಾಗ ಡಾಕ್ಟರು ನನ್ನ ಹತ್ತಿರ ಬಂದು ಮೆಲ್ಲಗೆ, "ಹಾಲಿನ ಮಾತು ನಿನ್ನಲ್ಲೇ ಇರ್ಲಿ ತಂಗಿ. ಆ ಮುದುಕಿ ಕೊಟ್ಟಿದ್ದು ಪ್ರೀತಿಯಿಂದ" ಅಂದರು. ನನ್ನ ಗಂಡನಿಗೂ ನಾನು ಇವತ್ತಿನವರೆಗೆ ಹೇಳಿಲ್ಲ.

ಜ್ವರ ಬಿಟ್ಟಿತು. ಸೊಂಟ ನೆಟ್ಟಗಾಯಿತು. ಎರಡು ವರ್ಷಕ್ಕೆ ಮಗಳು ಹುಟ್ಟಿದಳು. ಅಷ್ಟರಲ್ಲಿ ದನದ ಡಾಕ್ಟರಿಗೆ ವರ್ಗವಾಗಿತ್ತು, ರಿಟೈರಾಗಿ ಹೊಳಲ್ಕೆರೆಯಲ್ಲಿ ಇದ್ದಾರೆ ಅಂತ ಆಮೇಲೆ ಯಾರೋ ಹೇಳಿದರು. ಮಗಳನ್ನು ಕರೆದುಕೊಂಡು ಹೋಗಿ ತೋರಿಸಬೇಕು ಅಂದುಕೊಂಡೆ. ಈ ವರ್ಷ, ಬರುವ ವರ್ಷ... ಹೊಳಲ್ಕೆರೆ ಏನು ಕಾಶಿಯೇ? ಎರಡು ಬಸ್ಸು ಹತ್ತಿದರೆ ಮುಗಿಯಿತು. ಹೋಗಲಿಲ್ಲ. ಅದಕ್ಕೆ ನನ್ನಲ್ಲಿ ಯಾವ ನೆವವೂ ಇಲ್ಲ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವನಿಗೆ ಅವರ ಪರಿಚಯವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಮನೆಗೆ ಹೋಗಿ ಕೇಳಿ ಕಲಿತಿದ್ದನಂತೆ. "ಹೋಗ್ಬಿಟ್ರು ಅಕ್ಕ, ಎರಡು ವರ್ಷ ಆತು" ಅಂದ. ಹಿರಿಯೂರು ಬರುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಈಗ ಅವರಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಸೆರಗಿನಿಂದ ಕಣ್ಣೊರೆಸಿಕೊಂಡರು. ಒಳಗೆ ನನ್ನ ಮಗಳು, ಏಳು ತಿಂಗಳ ಬಸುರಿ, ಮಲಗಿದ್ದಳು. ಹೊರಗೆ ಮೇಕೆಯ ಹಾಲು ಕರೆಯುವ ಸದ್ದು ಕೇಳಿ ಅತ್ತೆ ತಲೆಯೆತ್ತಿದರು.

"ಮಗಿಗೆ ಒಂದ್ ಗುಟುಕು ನೊರೆಹಾಲು ಕೊಡಬೌದಿತ್ತು... ಆ ಡಾಕ್ಟ್ರೇ ಹೋದ್ರಲ್ಲೇ, ಆ ಆರ್ಡರು ಇನ್ನೂ ಐತಾ?"

"ಐತೆ ಅತ್ತೆ" ಅಂದೆ.