ಹಾಲಿನ ತಟ್ಟೆಯಲ್ಲಿ ಬಿಟ್ಟ ಇರುವೆ

ಇದನ್ನು ನಾನು ಕೈಯಾರೆ ಮಾಡಿದೆನೋ, ಮಾಡಿದೆನೆಂದು ಇಷ್ಟು ವರ್ಷ ನಂಬಿಕೊಂಡು ಬಂದೆನೋ, ಖಚಿತವಾಗಿ ಹೇಳಲಾರೆ. ಹಿತ್ತಾಳೆಯ ತಟ್ಟೆ ಕಣ್ಣಿಗೆ ಕಟ್ಟಿದೆ. ಆದರೆ ಅದರ ಅಂಚಿನಲ್ಲಿ ಕಾಣುವ ಬೆರಳು ಒಮ್ಮೆ ನನ್ನದು, ಒಮ್ಮೆ ಅಜ್ಜಿಯದು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಹೈದರಾಬಾದಿನಲ್ಲಿ ಓದುತ್ತಿದ್ದೆ. ಬೇಸಿಗೆ ರಜೆಗೆ ನಮ್ಮೂರು ಸೇಡಂಗೆ ಬಂದಾಗ, ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕ ಇನ್ನೂ ಮನೆಯಲ್ಲೇ ಇದ್ದಳು. ಮೂರು ತಿಂಗಳ ಗಂಡು ಕೂಸು. ಮೊಲೆ ಬಿಟ್ಟ ಕೂಡಲೇ ಅಳುತ್ತದೆ, ಮೈ ಹತ್ತುತ್ತಿಲ್ಲ ಎಂದು ಅಜ್ಜಿ ನಾನು ಬರುವ ಮೊದಲೇ ಅಕ್ಕನ ಹಾಲನ್ನು ತಟ್ಟೆಗೆ ಹಿಂಡಿಸಿ ಒಂದು ಕರಿ ಇರುವೆ ಬಿಟ್ಟು ನೋಡಿದ್ದಳು. ಇರುವೆ ಈಜಿ ಅಂಚು ಸೇರಿದರೆ ಹಾಲು ಒಳ್ಳೆಯದು, ಮುಳುಗಿದರೆ ವಿಷ. ಇರುವೆ ಮುಳುಗಿತ್ತು. ಅಂದಿನಿಂದ ಕೂಸಿನ ಬಾಯಿಗೆ ಒಳಲೆಯ ಮೂತಿಯಿಂದ ಹನಿಸುತ್ತಿದ್ದದ್ದು ನೀರು ಬೆರೆಸಿದ ಎಮ್ಮೆ ಹಾಲು. ಅಕ್ಕ ತನ್ನ ಹಾಲನ್ನು ಬಚ್ಚಲಲ್ಲಿ ಹಿಂಡಿ ಚೆಲ್ಲುತ್ತಿದ್ದಳಂತೆ.

ಹಿತ್ತಲ ಗೋಡೆಯಾಚೆಯ ದರ್ಜಿಯ ಹೆಂಡತಿ ಮಾತ್ರ, "ತೋಬಾ! ಇರುವಿ ಮಾತು ಕೇಳಿ ಕೂಸು ಬೆಳಸ್ತಾರೇನ್ರೀ ಅಮ್ಮಾ?" ಅಂದಿದ್ದಳಂತೆ.

ವಾದದಲ್ಲಿ ಗೆದ್ದರೆ ಓದಿದ್ದು ಸಾರ್ಥಕ ಎಂದುಕೊಂಡಿದ್ದ ವಯಸ್ಸು ನನ್ನದು. ಅಜ್ಜಿಯ ಎದುರೇ ಅದೇ ತಟ್ಟೆಗೆ ಎಮ್ಮೆ ಹಾಲು ಸುರಿದು ಇರುವೆ ಬಿಟ್ಟೆ. ಅದೂ ಮುಳುಗಿತು.

"ನೋಡಜ್ಜಿ, ಯಾವ ಹಾಲಿನ್ಯಾಗ ಬಿಟ್ಟರೂ ಇರುವಿ ಸಾಯ್ತದ. ಅಕ್ಕನ ಹಾಲಿಂದೇನು ತಪ್ಪು?"

ಅಜ್ಜಿ ಬಗ್ಗಿ ತಟ್ಟೆಯನ್ನೇ ನೋಡಿದಳು. "ಅಯ್ಯ ನನ್ನಪ್ಪಾ, ಛಲೋ ಆತು ತೋರಿಸಿದಿ. ಇದೂ ಕೆಟ್ಟದ್ದೇ ಆತಲ್ಲೋ! ಇಷ್ಟ್ ದಿನಾ ಇದನ್ನೇ ಕುಡಸಾಕತ್ತಿದ್ವಿ. ಅದಕ್ಕೇ ಕೂಸು ಸೊರಗ್ಯದ."

ಅವತ್ತೇ ಎಮ್ಮೆ ಹಾಲೂ ನಿಂತಿತು. ಅಕ್ಕಿ ಗಂಜಿಯ ತಿಳಿ ಬಂತು. ಅಜ್ಜಿ ಅದನ್ನೂ ಪರೀಕ್ಷಿಸಿದಳು. ಆರಿದ ಗಂಜಿಯ ಮೇಲೆ ಪೊರೆ ಕಟ್ಟಿತ್ತು. ಇರುವೆ ಅದರ ಮೇಲೆ ನಡೆದು ಆಚೆ ಹೋಯಿತು. "ಪಾರಾತು ನೋಡೋ, ಶಾಣ್ಯಾ," ಅಂದಳು. ಅಣಕವಿರಲಿಲ್ಲ, ನಿಜವಾದ ನೆಮ್ಮದಿಯಿತ್ತು. ಆ ಕೂಸನ್ನು ನಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ತೊಡೆಯ ಮೇಲೆ ಇಟ್ಟುಕೊಂಡವಳು ಅವಳೇ.

ವಾಡಿ ಜಂಕ್ಷನ್ನಿನ ರೈಲ್ವೆ ಡಾಕ್ಟರಿಗೆ ತೋರಿಸೋಣ ಎಂದು ಅಪ್ಪನನ್ನು ಕೇಳಿದೆ. ಅಪ್ಪ ತಹಸೀಲ ಕಚೇರಿಯ ಗುಮಾಸ್ತರು. ಮುಖ ಎತ್ತದೆ, "ಐದು ತಿಂಗಳಾಗೂ ತನಕ ಕೂಸು ರೈಲು ಹತ್ತಬಾರ್ದು ಅಂತಾಳ ನಿಮ್ಮಜ್ಜಿ. ಒಳಮನಿ ಮಾತಿಗೆ ನನ್ನ ಎಳೀಬ್ಯಾಡ," ಎಂದರು.

ಕದ್ದು ಮೊಲೆಯೂಡಿಸು ಎಂದು ಅಕ್ಕನಿಗೆ ಹೇಳಿದೆ. "ಎದಿ ಬತ್ತಿ ಎಂಟು ದಿನಾ ಆತು," ಅಂದಳು. ತೊಟ್ಟಿಲು ತೂಗುತ್ತ, "ನೀ ಇನ್ನೇನೂ ತೋರಿಸಬ್ಯಾಡಪಾ. ಇನ್ನೊಂದು ತೋರಿಸಿದ್ರ ನೀರೂ ನಿಲ್ಲಸ್ತಾರ."

ಕೂಸಿನ ತೊಡೆಯ ಚರ್ಮ ಜೋತುಬಿತ್ತು. ಮುಖ ಮುದುಕನದಾಯಿತು. ಕೊನೆಕೊನೆಗೆ ಅದು ಅಳುವುದನ್ನೇ ಬಿಟ್ಟಿತು. "ಈಗ ಸುಧಾರಿಸ್ಯದ, ತಣ್ಣಗ ಮಲಗ್ತದ," ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಅಲ್ಲ ಎನ್ನಲಿಲ್ಲ. ಒಮ್ಮೆ ಅಲ್ಲ ಎಂದು ನೋಡಿದ್ದೆನಲ್ಲ. ರಜೆ ಮುಗಿಯಿತು, ರೈಲು ಹತ್ತಿದೆ. ಕೂಸು ತೀರಿಕೊಂಡಿತೆಂದು ಹಾಸ್ಟೆಲಿಗೆ ಕಾರ್ಡು ಬಂದದ್ದು ಎಂಟನೇ ದಿನವೋ ಹತ್ತನೇ ದಿನವೋ.

ಬಹಳ ವರ್ಷಗಳ ಮೇಲೆ ಅಕ್ಕನ ಹತ್ತಿರ ಈ ಮಾತು ತೆಗೆದೆ. "ನಿನ್ನ ತಟ್ಟಿ ಆಟಕ್ಕೂ ಅದಕ್ಕೂ ಏನು ಸಂಬಂಧ? ಎಮ್ಮಿ ಆ ಬ್ಯಾಸಗಿ ಮೊದಲೇ ಬತ್ತಿತ್ತು. ಕೊಡಾಕ ಹಾಲು ಎಲ್ಲಿತ್ತು?" ಅಂದಳು. ನಂಬಬೇಕೆನ್ನಿಸಿತು. ಮಾಡದ ತಪ್ಪನ್ನೂ ನೆನಪು ಕಟ್ಟಿಕೊಳ್ಳುತ್ತದೆ. ತಟ್ಟೆಯ ಹಾಲನ್ನು ನಾನೇ ಕಲ್ಪಿಸಿಕೊಂಡಿರಬಹುದು. ಕೆಲವು ತಿಂಗಳು ಹಾಗೆಯೇ ನಂಬಿದ್ದೆ ಕೂಡ. ಆದರೆ ಅಕ್ಕ ಸಣ್ಣಂದಿನಿಂದಲೂ ನನ್ನ ಪರವಾಗಿ ಸುಳ್ಳು ಹೇಳಿದವಳು.

ಮುಂದಿನ ಸಲ ಸೇಡಂಗೆ ಹೋದಾಗ ದರ್ಜಿಯ ಹೆಂಡತಿಯ ಬಳಿ ಕುಳಿತೆ. ಅವಳ ಕಣ್ಣು ಮಂಜಾಗಿತ್ತು, ನನ್ನ ದನಿಯಿಂದಲೇ ಗುರುತು ಹಿಡಿದಳು. ಆ ಬೇಸಿಗೆ ನಮ್ಮ ಎಮ್ಮೆ ಹಾಲು ಕೊಡುತ್ತಿತ್ತೇ ಎಂದಷ್ಟೇ ಕೇಳಿದೆ.

"ಕೊಡ್ತಿತ್ತಲ್ಲ ಬೇಟಾ. ಆಖರಿ ಆಖರಿಗೆ ನಿಮ್ಮಜ್ಜಿ ದಿನಾ ಒಂದು ಚೆಂಬು ಗ್ವಾಡಿ ಮ್ಯಾಲಿಂದ ಕೊಡ್ತಿದ್ರು. 'ನಮ್ಮ ಕೂಸಿಗೆ ಒಗ್ಗವಲ್ದು, ನಿಮ್ಮ ಚಹಾಕ್ಕರ ಆಗ್ಲಿ' ಅಂತಿದ್ರು."

ಉಳಿದದ್ದರ ಬಗ್ಗೆ ಆಣೆ ಮಾಡಲಾರೆ. ಎಮ್ಮೆ ಬತ್ತಿರಲಿಲ್ಲ.